ಕೈ ಎತ್ತಿ ನಿಂತು ಕಳೆದುಕೊಂಡ ಸೀರೆ

ಹರಾಜಿನಲ್ಲಿ ಕೈ ಎತ್ತಿದರೆ ಸಾಲದು, ಬಾಯಿ ಬಿಟ್ಟು ಕೂಗಬೇಕು. ಇಷ್ಟು ಸಣ್ಣ ವಿಷಯವನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ತಾಯಿಯ ಸೀರೆ ಇವತ್ತು ನನ್ನ ಬೀರುವಿನಲ್ಲಿರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಶ್ರೀರಂಗಪಟ್ಟಣದಲ್ಲಿದ್ದೆವು. ಪಾಂಡವಪುರ ದಾಟಿ ಕೆ.ಆರ್. ಪೇಟೆಯ ಕಡೆಗೆ ಹೋದರೆ ಅತ್ತೆಯವರು ನಡೆದುಕೊಳ್ಳುವ ದೇವಿಯ ಗುಡಿ ಸಿಗುತ್ತದೆ. ಮೈದುನನ ಮುರಿದ ಕಾಲು ಕೂಡಿದರೆ ಸೀರೆ ಕೊಡುತ್ತೇನೆಂದು ಅವರು ಹರಕೆ ಹೊತ್ತಿದ್ದರು. ಕಾಲು ಕೂಡಿತು. ಹೊಸ ರೇಷ್ಮೆ ಸೀರೆ ತಂದು ಬೀರುವಿನಲ್ಲಿಟ್ಟೆವು. ಒಂದು ಶುಕ್ರವಾರ ಅತ್ತೆ ಒಬ್ಬರೇ ಹೋಗಿ, ಕವರಿನ ಸಮೇತ ತಟ್ಟೆಯಲ್ಲಿಟ್ಟು ಒಪ್ಪಿಸಿ ಬಂದರು.

ಸಂಜೆ ಬೀರು ತೆಗೆದರೆ ಹೊಸ ಸೀರೆ ಇದ್ದಲ್ಲೇ ಇತ್ತು. ಅದರ ಕೆಳಗಿದ್ದ ನನ್ನ ತಾಯಿಯ ಸೀರೆ ಇರಲಿಲ್ಲ.

ತಾಯಿ ತೀರಿಕೊಂಡಾಗ ನಾನು ಕೇಳಿ ಪಡೆದದ್ದು ಅದೊಂದೇ. ಅರಿಶಿನ ಬಣ್ಣದ ಮೈ, ಹಸಿರು ಅಂಚು, ಮಡಿಕೆಗಳ ನಡುವೆ ಲಾವಂಚದ ಬೇರು. ಅಂಚಿನಲ್ಲಿ ಬೆರಳಗಲ ಹರಿದಿದ್ದ ಜಾಗವನ್ನು ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ಎದುರು ಕೂತು ನಾನೇ ರಫು ಹಾಕಿದ್ದೆ. ದಾರದ ಹಸಿರು ಒಂದು ಚೂರು ಹೊಂದಿರಲಿಲ್ಲ. ಪೇಪರಿನ ಮಸಿ ಹತ್ತುತ್ತದೆಂದು ಅದನ್ನು ಅಂಗಡಿಯ ಕವರಿಗೆ ಹಾಕಿಟ್ಟವಳೂ ನಾನೇ. ಎರಡೂ ಒಂದೇ ಅಂಗಡಿಯ ಕವರು. ಯಾರನ್ನು ಬೈಯಲಿ?

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ಸಿವನೇ, ಉಟ್ಟ ಸೀರೆಯ ಅಮ್ಮನ ಮಡ್ಲಿಗಾಕ್ಬುಟ್ನಾ! ಯಾರ್ ಮುಂದೂ ಬಾಯ್ ಬುಡ್ಬ್ಯಾಡ ಕಣವ್ವ. ಕೊಟ್ಟಿದ್ದ ವಾಪಸ್ ಕೇಳಂಗಿಲ್ಲ, ಉಟ್ಟಿದ್ದು ಅಂತ ಏಳಂಗೂ ಇಲ್ಲ. ಹೆಂಗೂ ಅರಾಜ್ಗೆ ಬತ್ತದೆ. ದುಡ್ ಕೊಟ್ಟು ತಗಂಡ್ ಬರಾನ."

ಗುಡಿಗೆ ಬಂದ ಸೀರೆಗಳನ್ನು ತಿಂಗಳ ಕೊನೆಯ ಮಂಗಳವಾರ ಹರಾಜು ಹಾಕುತ್ತಾರೆ. ಮನೆಖರ್ಚಿನಲ್ಲಿ ಯಾರಿಗೂ ಹೇಳದೆ ಉಳಿಸಿಟ್ಟಿದ್ದ ಐನೂರು ರೂಪಾಯಿ ಹಿಡಿದು ಅತ್ತೆಯ ಜೊತೆ ಹೊರಟೆ. ಸೊಪ್ಪಿನವಳ ಹತ್ತಿರವೂ ಚೌಕಾಸಿ ಮಾಡಿದವಳಲ್ಲ ನಾನು.

ನೂಕುನುಗ್ಗಲು ಬೇಡವೆಂದು ಕಂಬದ ಪಕ್ಕ ನಿಂತೆ. ಅದು ಮೊದಲನೆಯ ತಪ್ಪು. ಹರಾಜು ಹಾಕುವವರ ಕಣ್ಣೆದುರು ನಿಲ್ಲಬೇಕು. ಇಪ್ಪತ್ತು ಸೀರೆಗಳು ಹೋಗುವುದನ್ನು ನೋಡಿದೆ. ಬಣ್ಣ ನೋಡಿದೆನೇ ಹೊರತು ಜನ ಹೇಗೆ ಕೂಗುತ್ತಾರೆ ಎಂದು ನೋಡಲಿಲ್ಲ. ಅದು ಎರಡನೆಯದು. ಅತ್ತೆ ಜಗಲಿಯಲ್ಲಿ ಸೆರಗಿನಿಂದ ಮುಖ ಮರೆಮಾಡಿಕೊಂಡು ಕೂತಿದ್ದರು, ಯಾರೋ ಗುರುತು ಹಿಡಿದು ಏನೋ ಕೇಳುವರೆಂಬಂತೆ.

ಆಮೇಲೆ ಬಂತು. ಗುಡಿಯ ಗುಮಾಸ್ತರು ಕವರಿನಿಂದ ತೆಗೆದು ಕೊಡವಿದರು. ಲಾವಂಚದ ಒಂದು ಎಳೆ ಕೆಳಗೆ ಬಿತ್ತು. ಸೀರೆಯ ಮೆದುತನವನ್ನು ಬೆರಳಲ್ಲಿ ಉಜ್ಜಿ ನೋಡಿದ ಅವರ ಮುಖ ಅರಳಿತು.

"ನೋಡ್ರಪ್ಪೋ, ಇದು ಅಮ್ಮನಿಗೆ ಉಡಿಸಿರೋದು! ನೆರಿಗೆ ಬಿದ್ದದೆ, ಗಮಗಮ ಅಂತದೆ! ನೂರಾ ಒಂದು!"

ಜನ ಮುಂದಕ್ಕೆ ಜರುಗಿದರು. ಅಲ್ಲ, ಅದು ನನ್ನ ತಾಯಿ ಉಟ್ಟದ್ದು ಎನ್ನುವಂತಿಲ್ಲ. ಕೈ ಎತ್ತಿದೆ. ಹತ್ತು ವರ್ಷ ಬೆಂಚಿನ ಮೇಲೆ ಕೂತು ಕಲಿತ ಹಾಗೆ, ಮೊಣಕೈ ನೇರ, ಬಾಯಿ ಮುಚ್ಚಿ. ಸಿಸ್ಟರ್ ಹೆಸರು ಕರೆಯುವವರೆಗೆ ಮಾತಾಡಬಾರದು.

"ಇನ್ನೂರಾ ಒಂದು!" ನನ್ನ ಮುಂದಿದ್ದ ಹೆಂಗಸು ಕೂಗಿದಳು. ದಪ್ಪನೆಯ ಗಾಜಿನ ಬಳೆಗಳ ಸಂದಿಯಲ್ಲಿ ಬಸ್ಸಿನ ಟಿಕೆಟ್ ಸುರುಳಿ ಸುತ್ತಿ ಸಿಕ್ಕಿಸಿಕೊಂಡಿದ್ದಳು.

"ಇನ್ನೂರೈವತ್ತು!" ಇನ್ಯಾರೋ.

"ಮುನ್ನೂರೈವತ್ತೊಂದು ಬರ್ಕಳಿ!" ಅವಳೇ.

ನನ್ನ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಕೊನೆಗೆ "ಸಾರ್" ಎಂದೆ. ಗುಮಾಸ್ತರು ಮೆಲ್ಲಗೆ ನಕ್ಕು, "ವಸಿ ಇರಿ ಮೇಡಂ, ಇದೊಂದು ಮುಗೀಲಿ, ಆಮೇಲ್ ಕೇಳೀರಂತೆ" ಎಂದರು. ಏನೋ ವಿಚಾರಿಸಲು ಬಂದವಳೆಂದುಕೊಂಡರು! ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಮುಗಿದೇ ಹೋಯಿತು. ಐನೂರು ರೂಪಾಯಿ ನನ್ನ ಅಂಗೈಯಲ್ಲಿ ಬೆವರುತ್ತಿತ್ತು.

"ಅಲ್ಲ ಕಣವ್ವ, ಧ್ವಜಸ್ತಂಭದಂಗೆ ಕೈ ಎತ್ಕಂಡ್ ನಿಂತಿದ್ಯಲ್ಲ, ಬಾಯಿ ಎಲ್ಲ್ ಮಡ್ಗಿದ್ದೆ?" ಎಂದರು ಅತ್ತೆ. ಉತ್ತರ ಕೊಟ್ಟಿದ್ದರೆ ಮಾತು ಕವರನ್ನು ಬಿಚ್ಚಿ ನೋಡದೆ ಒಯ್ದದ್ದು ಯಾರು ಎಂಬಲ್ಲಿಗೆ ಹೋಗುತ್ತಿತ್ತು.

ರಸ್ತೆಯ ಬದಿ ಆ ಹೆಂಗಸೂ ಬಸ್ಸಿಗೆ ಕಾಯುತ್ತಿದ್ದಳು. ಎಪ್ಪತ್ತು ಎಂಬತ್ತು ಹೆಚ್ಚು ಕೊಟ್ಟು ಕೇಳೋಣವೇ ಎಂದು ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು.

"ನಾಗಮಂಗ್ಲದಿಂದ ಬಂದಿವ್ನಿ ಕಣಕ್ಕ. ಮಗಳಿಗೆ ಈಗ ಏಳು ತಿಂಗಳು. ಎಲ್ಡು ಸತಿ ನಿಲ್ನಿಲ್ಲ. ಅಮ್ಮ ಉಟ್ಟ ಸೀರೆ ಒದಿಸ್ಬುಟ್ರೆ ನಿಲ್ತದೆ ಅಂದ್ರು. ಮೂರು ತಿಂಗ್ಳಿಂದ ಬತ್ತಾವ್ನಿ, ಬರೀ ಅಂಗ್ಡಿ ಮಡಿಕೆ ಸೀರೆನೇಯ. ಇವತ್ತು ಸಿಕ್ತು ನೋಡಿ." ಅಂಚು ಬಿಡಿಸಿ ನನ್ನ ರಫುವಿನ ಮೇಲೆ ಬೆರಳಾಡಿಸಿದಳು. "ಅಮ್ಮನ ತ್ರಿಶೂಲ ತಗುಲಿ ಅರ್ದದೆ. ಯಾವ ಪುಣ್ಯಾತ್ಗಿತ್ತಿ ಒಲ್ದವ್ಳೋ, ಒಲಿಗೆ ಗೊತ್ತೇ ಆಯ್ಕಿಲ್ಲ!"

ಅತ್ತೆ ನನ್ನ ಮೊಣಕೈ ಹಿಡಿದರು. ಹಿಡಿಯಬೇಕಾಗಿರಲಿಲ್ಲ.

"ಒಸಿ ಕಣ್ಗೊತ್ಕಳಿ ಅಕ್ಕ, ನಿಮ್ಗೂ ಒಳ್ಳೇದಾಗ್ಲಿ" ಎಂದು ಅವಳು ಸೀರೆ ಚಾಚಿದಳು. ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಲಾವಂಚದ ಹಿಂದೆ ತಾಯಿಯ ವಾಸನೆ ಇನ್ನೂ ಸ್ವಲ್ಪ ಇತ್ತು. ಬಸ್ಸು ಬಂತು. "ತತ್ತಾ ಅಕ್ಕ, ತತ್ತಾ" ಎಂದು ಅವಳು ಅವಸರ ಮಾಡಿದಳು. ಕೊಟ್ಟೆ.

ಮುಂದಿನ ಶುಕ್ರವಾರ ಹೊಸ ಸೀರೆಯನ್ನು ಒಪ್ಪಿಸಿ ಬಂದೆವು. ಹೊರಡುವ ಮುಂಚೆ ಅತ್ತೆ ಕವರನ್ನು ಮೂರು ಸಲ ಬಿಚ್ಚಿ ನೋಡಿದರು. ಮೂರು ಸಲವೂ ನನಗೆ ಮೈಯೆಲ್ಲ ಉರಿಯಿತು.