ಎರಡು ಬೆರಳು ಸಡಿಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಟೈಲರಕ್ಕ ಬ್ಲೇಡು ಹಿಡಿದು ಯೂನಿಫಾರ್ಮ್ ಅಂಗಿಯೊಂದರ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಾರೆ. ಅಂಗಿಯ ಒಡತಿ ಹೆರಿಗೆ ರಜೆ ಮುಗಿಸಿ ಇಂದು ಕೆಲಸಕ್ಕೆ ಹೊರಟಿರುವ ಬಸ್ ಕಂಡಕ್ಟರ್. ಶಾಲು ಹೊದ್ದು ಸ್ಟೂಲಿನ ಮೇಲೆ ಮುದುಡಿ ಕೂತಿದ್ದಾರೆ. ಗುಂಡಿ ಹಾಕಿದರೆ ಎದೆ ಬಿಗಿಯುತ್ತದೆ, ಹಾಲು ಸೋರಿ ಬಟ್ಟೆ ಒದ್ದೆಯಾಗುತ್ತದೆ.

"ನಾಚ್ಕೊಂಡ್ರೆ ಮಗು ಹೊಟ್ಟೆ ತುಂಬುತ್ತಾ? ಕೈ ಎತ್ತು ತಾಯಿ," ಎನ್ನುತ್ತಾ ಅಕ್ಕ ಟೇಪು ಸುತ್ತುತ್ತಾರೆ. "ಈಗಷ್ಟೇ ಕುಡಿಸಿ ಬಂದ್ಯಾ? ಹಂಗಾದ್ರೆ ಈ ಅಳತೆ ನಂಬಂಗಿಲ್ಲ. ಮಧ್ಯಾಹ್ನಕ್ಕೆ ಮತ್ತೆ ತುಂಬ್ಕೊಳ್ಳುತ್ತೆ. ಇನ್ನೆರಡು ಬೆರಳು ಸಡಿಲ ಬಿಡ್ತೀನಿ." ಒಳಗೆ ಮೆತ್ತನೆಯ ಹತ್ತಿಬಟ್ಟೆಯ ಪದರವನ್ನೂ ಇಡುತ್ತಾರೆ. ಒದ್ದೆಯಾದರೆ ತೆಗೆದು ಬದಲಿಸಲು ಟಿಚ್ ಬಟನ್ ಇದೆ.

ಅಕ್ಕನ ಗಂಡ ತೀರಿಕೊಂಡ ಮೇಲೆ ಈ ಹೊಲಿಗೆ ಮೆಷಿನ್ನೇ ಮನೆಗೆ ದಿಕ್ಕಾಯಿತು. ದಿನಕ್ಕೆ ಏಳೆಂಟು ಅಂಗಿ ಹೊಲಿಯುವ ಅಕ್ಕ, ಬಾಣಂತಿಯ ಬಟ್ಟೆ ಬಂದರೆ ಉಳಿದದ್ದನ್ನೆಲ್ಲ ಪಕ್ಕಕ್ಕಿಡುತ್ತಾರೆ. ಯಾಕೆಂದು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಮುಖ ಬಾಡುತ್ತದೆ.

ಮಗಳ ಚೊಚ್ಚಲ ಹೆರಿಗೆಯ ಮಾತು ಅದು. ಮಗಳಿಗೆ ಟಿಕೆಟ್ ಕೌಂಟರಿನಲ್ಲಿ ಕೆಲಸ; ರಜೆ ಮುಗಿಸಿ ಹೊರಟಾಗ ಅವಳ ಅಂಗಿ ಹೊಲಿದದ್ದು ಅಕ್ಕನೇ. "ಅಮ್ಮಾ, ಸ್ವಲ್ಪ ಸಡ್ಲ ಮಾಡು ಅಂದ್ಲು. ನಾನೆಲ್ಲಿ ಕೇಳ್ದೆ? ಟೈಲರ್ ಮಗಳು ಗೋಣಿಚೀಲ ಹಾಕ್ಕೊಂಡು ಹೋದ್ರೆ ಜನ ಏನಂತಾರೆ ಅಂತ ಮೈಗೆ ಅಂಟೋ ಹಂಗೆ ಹೊಲ್ದೆ."

ಮಗುವಿನಿಂದ ದೂರ, ದಿನವಿಡೀ ಆ ಬಿಗಿ ಅಂಗಿ. ಹಾಲು ಕಟ್ಟಿಕೊಂಡಿತು, ಒಂದು ಎದೆ ಕಲ್ಲಿನಂತಾಯಿತು, ಕೆಂಡದಂಥ ಜ್ವರ ಬಂತು. ಕೊನೆಗೆ ವೈದ್ಯರು ಕೀವು ತೆಗೆಯಬೇಕಾಯಿತು. ಆ ನೋವಿನಲ್ಲಿ ಕುಡಿಸುವುದು ತಪ್ಪುತ್ತಾ ಹೋಗಿ, ಎರಡೂ ಕಡೆ ಹಾಲು ಬತ್ತಿತು.

"ಮಗು ಪುಡಿಹಾಲಲ್ಲೇ ಚೆನ್ನಾಗಿ ಬೆಳೀತು, ಅದಕ್ಕೇನೂ ಕೊರತೆ ಆಗ್ಲಿಲ್ಲ. ಕುಡಿಸ್ಬೇಕು ಅಂತ ನನ್ನ ಮಗಳು ಎಷ್ಟು ಆಸೆ ಇಟ್ಕೊಂಡಿದ್ಲು! ನನ್ನ ಜಂಬ ಅದನ್ನ ಹಾಳು ಮಾಡ್ತು." ಮಗಳು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು ಎನ್ನುತ್ತಾರೆ ಅಕ್ಕ. ಆದರೆ ಅಂದಿನಿಂದ ಅವಳು ಅಮ್ಮನ ಕೈಗೆ ಬಟ್ಟೆ ಕೊಟ್ಟಿಲ್ಲ.

ಈಗ ಮಗಳಿಗೆ ಎರಡನೆಯ ಕೂಸು. ಅವಳಿಗೆ ಒಂದೇ ಒಂದು ಅಂಗಿ ಹೊಲಿದುಕೊಡಬೇಕೆಂಬುದು ಅಕ್ಕನ ಆಸೆ.

"ಮೊನ್ನೆ ನೋಡಕ್ಕೆ ಹೋಗಿದ್ದೆ. ಯಾವುದೋ ರೆಡಿಮೇಡ್ ಅಂಗಿ, ಭುಜ ಇಳಿಬಿದ್ದಿದೆ, ಹೊಲಿಗೆ ಸೊಟ್ಟ. ಕೂಸು ಗಟಗಟ ಕುಡೀತಿತ್ತು. ಅಳತೆ ತಗೊಳ್ಳಾ ಅಂದೆ. 'ಬೇಡಮ್ಮ, ಇದೇ ಹಿತವಾಗಿದೆ' ಅಂದ್ಲು."

ಅಕ್ಕ ಸೂಜಿಗೆ ದಾರ ಪೋಣಿಸುತ್ತಾರೆ.

"ಆ ಸೊಟ್ಟ ಹೊಲಿಗೆ ಹಾಕಿದೋರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರ್ಲಿ."