ಗೌರಿಗೆ ಬಾಟಲಿ, ಮಗಳಿಗೆ ಮೆಣಸಿನ ಸಾರು

ಅಂಗಡಿಯವನು ನಾನೂರೈವತ್ತು ಹೇಳಿದ, ನಾನೂರಕ್ಕೆ ತಂದೆ. ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಬಾಟಲಿ. ನಿನ್ನೆ ನಮ್ಮ ಗೌರಿ ಕರು ಹಾಕಿತು. ಇದನ್ನು ಕುಡಿಸದೆ ಕರೆಯುವ ಹಸುವನ್ನು ನೆಲ ಹಿಡಿಸುವಷ್ಟು ದಡ್ಡಿ ನಾನಲ್ಲ. ಆದರೆ ಮುಚ್ಚಳ ತೆಗೆದಾಗ ಬಂದ ಸಿಹಿ ವಾಸನೆಗೆ ಆರು ವರ್ಷದ ಹಿಂದಿನ ಮಗಳ ಬಾಣಂತನ ನೆನಪಾಯಿತು. ಆಗ ನಾನೆಷ್ಟು ದಡ್ಡಿಯಾಗಿದ್ದೆ ಎನ್ನುವುದೂ ನೆನಪಾಯಿತು.

ನಮ್ಮೂರು ಕೂಟಗಲ್ಲಿನಲ್ಲಿ ಒಂದು ಹಸುವನ್ನು ನಾಲ್ಕು ಮಾಡಿದವಳು ನಾನು. ಬೆಲೆ ಕೇಳದೆ ಕರಿಬೇವನ್ನೂ ಮುಟ್ಟುವವಳಲ್ಲ.

ಆ ಸಲ ಗೌರಿಯೂ ಮಗಳು ಸುಮಿತ್ರಳೂ ಒಂದೇ ವಾರ ಹೆತ್ತರು. ಗೌರಿಗೆ ಬಾಟಲಿ, ಹಿಂಡಿ, ಹಸಿ ಮೇವು. ಮಗಳಿಗೆ ನಮ್ಮತ್ತೆ ನನಗೆ ಮಾಡಿದ್ದ ಪಥ್ಯ: ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಹಾಲು ಮೊಸರು ಶೀತ, ಸೊಪ್ಪು ತಿಂದರೆ ಮಗುವಿಗೆ ಹೊಟ್ಟೆನೋವು, ಮುದ್ದೆ ಅರಗುವುದಿಲ್ಲ. ಬಾಣಂತಿಗೆ ಆಗದ ಹಾಲು ಎರಡು ಹೊತ್ತೂ ಡೈರಿಗೆ ಹೋಗುತ್ತಿತ್ತು. ಪಥ್ಯದಿಂದ ಲಾಭ ಯಾರಿಗೆ ಎಂದು ನಾನು ಯೋಚಿಸಲಿಲ್ಲ.

ಆಶಾ ಕಾರ್ಯಕರ್ತೆ ಕ್ಯಾಲ್ಸಿಯಂ ಮಾತ್ರೆ ತಂದಿದ್ದಳು. "ಎಷ್ಟಮ್ಮ?" ಎಂದೆ. "ದುಡ್ಡಿಲ್ಲ ಕಣಕ್ಕ, ಸರ್ಕಾರದ್ದು" ಎಂದಳು. ಬೆಲೆಯೇ ಇಲ್ಲದ್ದನ್ನು ಚೌಕಾಸಿ ಮಾಡುವುದು ಹೇಗೆ? ಏನೋ ಮೋಸವಿದೆ ಎಂದು ಗೂಡಿನಲ್ಲಿಟ್ಟು ಮರೆತೆ.

ಎರಡನೇ ತಿಂಗಳಿಗೆ ಮಗಳು ಗೋಡೆ ಹಿಡಿದು ಏಳತೊಡಗಿದಳು. ಒಂದು ಬೆಳಿಗ್ಗೆ ಮಗುವನ್ನು ಎತ್ತಲು ಬಗ್ಗಿದವಳು ಸೊಂಟ ಹಿಡಿದು ಅಲ್ಲೇ ಕುಳಿತಳು. ನಾನು ಬಾಟಲಿ ಹಿಡಿದು ಕೊಟ್ಟಿಗೆಗೆ ಹೊರಟಿದ್ದೆ.

"ಅವ್ವ, ಈ ಮನೇಲಿ ಬಾಣಂತಿ ಯಾರು? ನಾನೋ, ಗೌರಿನೋ?"

"ಅವ್ಳು ಹತ್ತು ಲೀಟ್ರು ಕೊಡ್ತಾಳೆ ಕಣೆ."

"ನಾನೂ ಕುಡುಸ್ತಾವ್ನಿ ಕಣವ್ವ. ನಂದು ಡೈರಿಗೆ ಹೋಗಾಕಿಲ್ಲ, ಅಷ್ಟೆಯಾ."

ಜೀವಮಾನದಲ್ಲಿ ನಾನು ಸೋತ ವ್ಯಾಪಾರ ಅದೊಂದೇ. ಅಂದೇ ರಾಮನಗರದ ಆಸ್ಪತ್ರೆಗೆ ಕರೆದೊಯ್ದೆ.

"ಸೊಂಟನೋವಿಗೆ ನೂರು ಕಾರಣ ಇರ್ತವೆ. ಮೊದಲು ಊಟಕ್ಕೆ ಏನು ಕೊಡ್ತೀರ ಹೇಳಿ" ಎಂದರು ಡಾಕ್ಟರಮ್ಮ. ಹೇಳಿದೆ.

"ಹಸುಗೇನು ಕೊಡ್ತಾರೆ ಅಂತ್ಲೂ ಕೇಳಿ ಮೇಡಂ" ಎಂದಳು ಮಗಳು. ಅದನ್ನೂ ಹೇಳಬೇಕಾಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ತಿನ್ನೋದ್ರಲ್ಲಿ ಕ್ಯಾಲ್ಸಿಯಂ ಸಿಗದಿದ್ರೆ ತಾಯಿ ತನ್ನ ಮೂಳೆಯಿಂದ ತೆಗೆದು ಹಾಲಿಗೆ ಕೊಡ್ತಾಳೆ. ಹಸುದು ನಿಮಗೆ ಗೊತ್ತಿದೆಯಲ್ಲ?"

ಗೊತ್ತಿತ್ತು. ಹಿಂದೊಂದು ಹಸು ಹೀಗೇ ಬಿದ್ದಾಗ ಪಶು ಡಾಕ್ಟರು ಇದೇ ಮಾತು ಹೇಳಿದ್ದರು. ಆ ಬುದ್ಧಿಯನ್ನು ನಾನು ಕೊಟ್ಟಿಗೆಯಿಂದ ಒಳಮನೆಗೆ ತಂದಿರಲಿಲ್ಲ.

ಪಥ್ಯ ಬಿಡಿಸಿ ಹಾಲು, ಮಾತ್ರೆ ಕೊಟ್ಟರೂ ಮಗಳು ನೆಟ್ಟಗೆ ನಿಲ್ಲಲು ತಿಂಗಳುಗಳೇ ಬೇಕಾದವು. ಈಗ ಎರಡನೇ ಬಾಣಂತನಕ್ಕೆ ಬಂದಿದ್ದಾಳೆ. ಕರೆದ ಹಾಲನ್ನು ಕಾಯಿಸಿ ಮೊದಲು ಅವಳ ಲೋಟ, ಆಮೇಲೆ ಮೊಮ್ಮಗನದು, ಉಳಿದದ್ದು ಕ್ಯಾನಿಗೆ. "ಹಾಲು ಕಮ್ಮಿ ಆಗೈತಲ್ಲಕ್ಕ" ಎಂದ ಡೈರಿಯವನು. "ಮನೇಲಿ ಮೂಳೆ ಜಾಸ್ತಿ ಆಗೈತೆ ಕಣಪ್ಪ" ಎಂದೆ.

ನಿಮ್ಮ ಮನೆಯಲ್ಲೂ ಬಾಣಂತಿಯಿದ್ದರೆ ಕೇಳಿ: ಮುದ್ದೆ, ಮೊಸರು, ನುಗ್ಗೆಸೊಪ್ಪು ಧಾರಾಳವಾಗಿ ಕೊಡಿ. ಬೆಳೆಯುವ ಮಕ್ಕಳಿಗೂ ಅದೇ. ಜೊತೆಗೆ ಬಿಸಿಲಲ್ಲಿ ಆಡಲು ಬಿಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ಕೊಡಿ. ಕಬ್ಬಿಣದ ಮಾತ್ರೆಯೊಂದಿಗೆ ಒಟ್ಟಿಗೆ ಬೇಡ. ಬಿಟ್ಟಿ ಸಿಕ್ಕಿದ್ದರ ಮೇಲೆ ನಂಬಿಕೆ ಹುಟ್ಟದಿದ್ದರೆ ನಾನು ಮಾಡಿದಂತೆ ಮಾಡಿ. ಆಶಾ ಕಾರ್ಯಕರ್ತೆಯ ಕೈಗೆ ಹಿತ್ತಲಿನ ಒಂದು ಸೋರೆಕಾಯಿ ಕೊಟ್ಟು, ಕೊಂಡುಕೊಂಡೆ ಎಂದುಕೊಂಡು ಮಾತ್ರೆ ನುಂಗಿಸಿ.