ಊಟದಕ್ಕ ಹಿಡಿದ ಮೇಜು

ನಮ್ಮ ಪ್ರವಾಸ ಕಚೇರಿಯಲ್ಲಿ ಮೂರು ಮೇಜುಗಳಿದ್ದವು. ಬಾಗಿಲ ಪಕ್ಕದ್ದು ಟಿಕೆಟಿನದು, ಅಲ್ಲಿ ನಾನು ಕೂರುತ್ತಿದ್ದೆ. ಗಾಜಿನ ಕೋಣೆಯೊಳಗಿನದು ಯಜಮಾನರದು. ನಡುವಿನದು ಊಟದ ಮೇಜು. ಹಾಗೆಂದರೆ ಹೊಸಬರು ನಕ್ಕು, ಇಲ್ಲೇ ಬಡಿಸುತ್ತೀರಾ ಎಂದು ಕೇಳುತ್ತಿದ್ದರು. ಆ ಮೇಜಿನ ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದವರನ್ನು ಎಲ್ಲರೂ ಊಟದಕ್ಕ ಎಂದೇ ಕರೆಯುತ್ತಿದ್ದರು. ಯಜಮಾನರು ಅವರಿಗಿಂತ ಎರಡು ವರ್ಷ ದೊಡ್ಡವರು, ಆದರೂ ಯಜಮಾನರಿಗೂ ಅವರು ಅಕ್ಕನೇ.

ನಮ್ಮೂರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆ ಹೋದರೆ ಒಂದು ದೊಡ್ಡ ಥೀಮ್ ಪಾರ್ಕ್ ಸಿಗುತ್ತದೆ. ತಲೆಕೆಳಗಾಗಿ ತಿರುಗುವ ರೈಲು, ಗುಹೆಯೊಳಗೆ ನುಗ್ಗುವ ದೋಣಿ, ಮೋಡದೆತ್ತರದ ತೊಟ್ಟಿಲು, ಏನುಂಟು ಏನಿಲ್ಲ. ಆದರೆ ಅಲ್ಲಿಗೆ ಹೋಗಿಬಂದವರ ಬಾಯಲ್ಲಿ ರೈಲಿನ ಮಾತಿಗಿಂತ ಹಸಿವಿನ ಮಾತೇ ಹೆಚ್ಚು. ಕೂತು ಉಣ್ಣುವ ಹೋಟೆಲುಗಳು ಅಲ್ಲಿ ಏಳೇ ಏಳು. ಪ್ರತಿಯೊಂದಕ್ಕೂ ಅರವತ್ತು ದಿನ ಮೊದಲು, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕಂಪ್ಯೂಟರಿನಲ್ಲಿ ಮೇಜು ಕಾದಿರಿಸಬೇಕು. ಹತ್ತು ನಿಮಿಷ ಕಳೆದರೆ ಎಲ್ಲ ಮೇಜೂ ಭರ್ತಿ. ಕಾದಿರಿಸದೆ ಹೋದವರು ಮಧ್ಯಾಹ್ನ ಎರಡರ ಬಿಸಿಲಲ್ಲಿ ಸಾಲು ನಿಂತು, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು, ಕೊನೆಗೆ ತಣ್ಣಗಾದ ಬನ್ನು ನುಂಗಿ, ಗಂಡ ಹೆಂಡತಿ ಮಾತು ಬಿಟ್ಟು ಊರಿಗೆ ವಾಪಸಾಗುತ್ತಿದ್ದರು. ಇದನ್ನು ತಪ್ಪಿಸುವುದೇ ಊಟದಕ್ಕನ ಕೆಲಸ.

ಅವರು ಈ ಕೆಲಸಕ್ಕೆ ಸೇರಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದರು. ಉಪ್ಪಿಲ್ಲದ ತಟ್ಟೆ ಯಾರಿಗೆ, ಸಕ್ಕರೆಯಿಲ್ಲದ್ದು ಯಾರಿಗೆ, ಅಗಿಯಲಾರದವರಿಗೆ ಮೆತ್ತಗೆ ಮಾಡಿದ್ದು ಯಾವ ಹಾಸಿಗೆಗೆ ಎಂದು ಇನ್ನೂರು ತಟ್ಟೆಗಳನ್ನು ದಿನಕ್ಕೆ ಮೂರು ಹೊತ್ತು ಬೇರೆ ಬೇರೆ ಮಾಡಿ ಕಳಿಸುತ್ತಿದ್ದರು. ಆಸ್ಪತ್ರೆಯವರು ಅಡುಗೆಯನ್ನು ಹೊರಗಿನವರಿಗೆ ಒಪ್ಪಿಸಿದಾಗ ಮನೆಗೆ ಹೋಗಬೇಕಾಯಿತು. ಎರಡು ತಿಂಗಳು ಮನೆಯಲ್ಲಿ ಕೂತರಂತೆ. ಮೂರನೆಯ ತಿಂಗಳು ಅವರ ಗಂಡನೇ ಕೈಮುಗಿದು, ಎಲ್ಲಾದರೂ ಕೆಲಸ ಹುಡುಕು ಮಾರಾಯ್ತಿ, ನನ್ನ ತಟ್ಟೆಯೊಂದನ್ನೇ ಎಷ್ಟು ಸಲ ನೋಡುತ್ತೀಯ ಎಂದರಂತೆ. ಇದನ್ನು ಅವರೇ ನಗುತ್ತಾ ಹೇಳಿದ್ದು.

ಕಚೇರಿಗೆ ಬಂದದ್ದು ಬರೀ ಫೋನು ಎತ್ತುವುದಕ್ಕೆ. ಆದರೆ ಎಷ್ಟು ಜನ, ಯಾವ ದಿನ ಎಂದು ಬರೆದುಕೊಂಡು ಫೋನಿಡುವ ಜಾಯಮಾನ ಅವರದಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಹಸಿವು ಯಾರಿಗೆ ಆಗುತ್ತದೆ, ಹಸಿವಾದರೂ ಬಾಯಿಬಿಟ್ಟು ಹೇಳದವರು ಯಾರು, ಅಜ್ಜಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ, ಮಾವನವರು ಗದ್ದಲದಲ್ಲಿ ಉಣ್ಣುತ್ತಾರೆಯೇ ಎಂದು ಕೇಳುತ್ತಾ ಹೋಗುವರು. ಒಂದೊಂದು ಕರೆ ಅರ್ಧ ಗಂಟೆ. ಹೆಣ್ಣು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಯಜಮಾನರು ಮೊದಮೊದಲು ಗೊಣಗಿದರು. ಹೋಗಿಬಂದವರು ಮುಂದಿನ ವರ್ಷ ತಮ್ಮ ತಂಗಿಯರನ್ನೂ ಭಾವಂದಿರನ್ನೂ ಕರೆದುಕೊಂಡು ಬರತೊಡಗಿದ ಮೇಲೆ ಸುಮ್ಮನಾದರು.

ತಪ್ಪು ಮಾಡಲಿಲ್ಲವೆಂದಲ್ಲ. ಒಮ್ಮೆ ಹನ್ನೆರಡು ಜನರ ಒಂದು ಕುಟುಂಬಕ್ಕೆ ಒಂದು ವಾರ ಹಿಂದುಮುಂದಾಗಿ ತಾರೀಖು ಹಾಕಿಬಿಟ್ಟರು. ಅವರು ಹೋಟೆಲಿನ ಬಾಗಿಲಲ್ಲಿ ಹೆಸರಿಲ್ಲದೆ ನಿಂತರು. ಮರುದಿನ ಊಟದಕ್ಕ ನೆಪ ಹೇಳಲಿಲ್ಲ, ಕಂಪ್ಯೂಟರನ್ನು ದೂರಲಿಲ್ಲ. ಅವರ ಮನೆ ಬಾಗಿಲಿಗೆ ಹೋಗಿ, ಹಿರಿಯರ ಮುಂದೆ ನಿಂತು, ನನ್ನದೇ ತಪ್ಪು ಎಂದು ಹೇಳಿ ಬೈಸಿಕೊಂಡು ಬಂದರು. ಅಂದಿನಿಂದ ತಾರೀಖನ್ನು ಗಿರಾಕಿಯ ಬಾಯಲ್ಲಿ ಎರಡು ಸಲ ಹೇಳಿಸದೆ ಬಿಡುತ್ತಿರಲಿಲ್ಲ.

ನಾನು ಹೇಳಹೊರಟದ್ದು ಬಸ್ ಡ್ರೈವರೊಬ್ಬರ ಮಗಳ ವಿಷಯ.

ಆತ ಸಂಜೆ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ ಬಂದು ನನ್ನ ಮುಂದೆ ಕೂತರು. ಮೂರು ಟಿಕೆಟು ಬೇಕೆಂದರು. ಊಟ ಬೇಡವೇ ಎಂದು ನಾನು ಕೇಳಿದ್ದಕ್ಕೆ, ಬೇಡ, ಡಬ್ಬಿ ತೆಗೆದುಕೊಂಡು ಹೋಗುತ್ತೇವೆ ಎಂದು ತಲೆ ತಗ್ಗಿಸಿದರು. ಪಕ್ಕದ ಮೇಜಿನಿಂದ ಊಟದಕ್ಕ ಕನ್ನಡಕದ ಮೇಲಿಂದ ನೋಡಿ, ಡಬ್ಬಿ ಯಾರಿಗೆ ಎಂದರು. ಆಗ ವಿಷಯ ಹೊರಬಿತ್ತು.

ಮಗಳಿಗೆ ಒಂಬತ್ತು ವರ್ಷ. ಹಾಲು ಮತ್ತು ಕಡಲೆಕಾಯಿ ಅವಳ ಮೈಗೆ ಆಗುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಪಕ್ಕದ ಮನೆಯಲ್ಲಿ ಅರ್ಧ ಬಿಸ್ಕತ್ತು ತಿಂದು ಗಂಟಲು ಊದಿಕೊಂಡು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಲ್ಲುವಂತಾಗಿತ್ತು. ಅಂದಿನಿಂದ ಹೊರಗಿನ ಒಂದು ತುತ್ತೂ ಇಲ್ಲ. ಗೆಳತಿಯರ ಹುಟ್ಟುಹಬ್ಬಕ್ಕೂ ಡಬ್ಬಿ, ಶಾಲೆಯ ಪಿಕ್ನಿಕ್ಕಿಗೂ ಡಬ್ಬಿ. ಪಾರ್ಕಿನಲ್ಲಿ ಕೋಟೆಯ ಹಾಗೆ ಕಟ್ಟಿದ ಹೋಟೆಲೊಂದಿದೆ, ಅಲ್ಲಿ ರಾಜನ ವೇಷದವನು ಪ್ರತಿ ಮೇಜಿಗೂ ಬಂದು ತಟ್ಟೆಯ ಮುಚ್ಚಳ ತೆಗೆಯುತ್ತಾನೆ. ಅದನ್ನು ಟಿವಿಯಲ್ಲಿ ನೋಡಿದಾಗಿನಿಂದ ಮಗು ಒಂದೇ ಮಾತು ಹಿಡಿದಿತ್ತು: ತನಗೂ ಅಲ್ಲಿಯ ತಟ್ಟೆ ಬೇಕು, ಡಬ್ಬಿ ಬೇಡ.

“ಆಗಲ್ಲ ಅಂತ ಅವಳಿಗೆ ಹೇಳಿ ಹೇಳಿ ಸಾಕಾಗಿದೆ ಅಕ್ಕ,” ಎಂದರು ಡ್ರೈವರು. “ಈ ಸಲ ನೀವೇ ಹೇಳಿಬಿಡಿ. ಬೇರೆಯವರು ಹೇಳಿದ್ರೆ ನಂಬ್ತಾಳೆ.”

“ನೋಡದೇ ಹೇಗೆ ಹೇಳಲಿ ಅಣ್ಣಾ? ಒಂದು ವಾರ ಕೊಡಿ,” ಎಂದರು ಊಟದಕ್ಕ.

ಪಾರ್ಕಿಗೆ ಫೋನು ಮಾಡಿದರು. ವಿಷಯ ಬರೆದುಕೊಳ್ಳುತ್ತೇವೆ, ಆದರೆ ಖಾತ್ರಿ ಕೊಡಲಾಗುವುದಿಲ್ಲ ಎಂಬ ಗಿಣಿಪಾಠ ಕೇಳಿಸಿತು. ಮೂರು ಸಲ ಮಾಡಿದರೂ ಅದೇ. ಮಂಗಳವಾರ ನಮ್ಮ ವಾರದ ರಜೆ. ಅವತ್ತು ಬೆಳಿಗ್ಗೆ ಅವರು ಒಬ್ಬರೇ ಬಸ್ಸು ಹತ್ತಿದರು. ಮಧ್ಯಾಹ್ನದ ಗದ್ದಲ ಮುಗಿದು ಸಂಜೆಯದು ಶುರುವಾಗುವ ಮೊದಲು ಅಡುಗೆಮನೆಗೆ ಒಂದು ಗಂಟೆ ಬಿಡುವಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸರಿಯಾಗಿ ನಾಲ್ಕಕ್ಕೆ ಕೆಲಸಗಾರರ ಹಿಂಬಾಗಿಲಲ್ಲಿ ನಿಂತು, ಕೋಟೆಯ ಮುಖ್ಯ ಅಡುಗೆಯವರನ್ನು ನೋಡಬೇಕೆಂದರು. ಆತ ಟೋಪಿ ಕೈಯಲ್ಲಿ ಹಿಡಿದು, ಬೆವರೊರೆಸಿಕೊಳ್ಳುತ್ತಾ ಬಂದರು. ದೂರು ಕೊಡುವುದಾದರೆ ಮುಂದಿನ ಕೌಂಟರಿಗೆ ಹೋಗಿ ಎಂದು ಬಂದ ಕಾಲಲ್ಲೇ ತಿರುಗಿದರು.

“ದೂರಲ್ಲ,” ಎಂದರು ಊಟದಕ್ಕ. “ನಿಮ್ಮ ಬ್ರೆಡ್ಡಿಗೆ ಹೊಳಪು ಬರೋಕೆ ಏನು ಸವರ್ತೀರಿ, ಅದನ್ನ ಕೇಳೋಕೆ ಬಂದೆ.”

ಆತ ನಿಂತರು. “ಬೆಣ್ಣೆ.”

“ಅದೇ ಬ್ರಷ್ಷು ಇನ್ಯಾವುದಕ್ಕೆಲ್ಲ ಹೋಗುತ್ತೆ?”

ಅಡುಗೆಮನೆಯಲ್ಲಿ ಬೆಂದವರಲ್ಲದೆ ಬೇರೆಯವರು ಕೇಳುವ ಪ್ರಶ್ನೆಯಲ್ಲ ಅದು. ಅಡುಗೆಯವರು ಬಾಗಿಲು ಪೂರ್ತಿ ತೆರೆದು, ಒಳಗೆ ಬನ್ನಿ ಅಕ್ಕ ಎಂದರು. ಮುಂದಿನ ಐವತ್ತು ನಿಮಿಷ ಇಬ್ಬರೂ ಸೌಟು, ಹೆಚ್ಚುವ ಹಲಗೆ, ಕರಿಯುವ ಎಣ್ಣೆ ಎಂದು ಒಂದೊಂದನ್ನೇ ನೋಡುತ್ತಾ ಹೋದರು. ಕೋಳಿಯ ಮಸಾಲೆಯಲ್ಲಿ ಕಡಲೆಕಾಯಿ ಪುಡಿಯಿತ್ತು. ಸೂಪಿಗೆ ಕೆನೆ ಬೀಳುತ್ತಿತ್ತು. ಅನ್ನ, ಬೇಯಿಸಿದ ತರಕಾರಿ, ಬಾಣಲೆಯಲ್ಲಿ ಹುರಿದ ಆಲೂಗಡ್ಡೆ, ಮಸಾಲೆ ಮುಟ್ಟದ ಕೋಳಿ, ಇಷ್ಟನ್ನು ಹೊಸ ಬಾಣಲೆಯಲ್ಲಿ, ಬೇರೆ ಎಣ್ಣೆಯಲ್ಲಿ, ಮೂಲೆಯ ಒಲೆಯ ಮೇಲೆ ತಾನೇ ಮಾಡಿಕೊಡಬಹುದು ಎಂದು ಅಡುಗೆಯವರು ಒಪ್ಪಿದರು. ಒಂದೇ ಒಂದು ಮಾತು ತೆಗೆದುಕೊಂಡರು: ಬಡಿಸುವ ಹೊತ್ತಿನಲ್ಲಿ ತನಗೆ ಫೋನು ಮಾಡಬಾರದು.

ಹಿಂದಿರುಗಿದ ಮೇಲೆ ಊಟದಕ್ಕ ಡ್ರೈವರಿಗೆ ಕಂಡದ್ದನ್ನೆಲ್ಲ ಹೇಳಿದರು. ಸಿಹಿ ಸುದ್ದಿಯ ಜೊತೆಗೆ, ಡಾಕ್ಟರನ್ನು ಕೇಳದೆ ಹೊರಡಬೇಡಿ, ಗಂಟಲು ಊದಿದರೆ ಕೊಡುವ ಇಂಜೆಕ್ಷನ್ನು ಜೇಬಿನಲ್ಲಿರಲಿ, ಡಬ್ಬಿಯೂ ಚೀಲದಲ್ಲಿರಲಿ ಎಂದು ಖಡಾಖಂಡಿತವಾಗಿ ಹೇಳಿದರು. ಡಾಕ್ಟರು ಒಪ್ಪಿದರು.

ಆದರೆ ಕಾದಿರಿಸುವ ಬೆಳಿಗ್ಗೆ ಕಂಪ್ಯೂಟರು ಕೈಕೊಟ್ಟಿತು. ಏಳಕ್ಕೆ ಐದು ನಿಮಿಷ ಇರುವಾಗಲೇ ನಾವಿಬ್ಬರೂ ಪರದೆಯ ಮುಂದೆ ಕೂತಿದ್ದೆವು. ಏಳಾಗುತ್ತಿದ್ದಂತೆ ಪುಟ್ಟ ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇತ್ತು. ಪುಟ ತೆರೆದುಕೊಂಡಾಗ ಕೋಟೆಯಲ್ಲಿ ಊಟದ ಹೊತ್ತಿನ ಒಂದು ಮೇಜೂ ಉಳಿದಿರಲಿಲ್ಲ. ಕೊನೆಯ ಪಂಕ್ತಿಯ, ಮೂರು ಗಂಟೆಯದು ಒಂದಿತ್ತು. ಊಟದಕ್ಕ ಅದನ್ನು ಹಿಡಿದಿಟ್ಟುಕೊಂಡರು, ಆದರೆ ಮುಖ ಅರಳಲಿಲ್ಲ. ಅಷ್ಟು ಹೊತ್ತಿಗೆ ಅಡುಗೆಮನೆಯ ಕೈಗಳೆಲ್ಲ ಸೋತಿರುತ್ತವೆ, ಎಲ್ಲ ಕಡೆ ಎಲ್ಲವೂ ಮೆತ್ತಿಕೊಂಡಿರುತ್ತದೆ ಎಂದರು.

ಅಲ್ಲಿಂದ ದಿನಾ ಬೆಳಿಗ್ಗೆ ಬಂದ ಕೂಡಲೇ, ಊಟಕ್ಕೆ ಏಳುವ ಮುನ್ನ, ಮನೆಗೆ ಹೊರಡುವ ಮುನ್ನ ಪರದೆ ನೋಡುವರು. ಯಾರಾದರೂ ಬೇಡವೆಂದರೆ ಮೇಜು ಖಾಲಿಯಾಗುತ್ತದಲ್ಲ, ಅದಕ್ಕೆ. ಹತ್ತೊಂಬತ್ತನೆಯ ದಿನ ಹನ್ನೊಂದೂ ಕಾಲರ ಮೇಜೊಂದು ಕಾಣಿಸಿತು. ನಾನು ಬಾಯಿ ತೆರೆಯುವ ಮೊದಲೇ ಹಿಡಿದುಬಿಟ್ಟಿದ್ದರು. ಹನ್ನೊಂದೂ ಕಾಲಿಗೆ ಯಾರಕ್ಕ ಊಟ ಮಾಡುತ್ತಾರೆ ಎಂದು ಡ್ರೈವರು ಫೋನಿನಲ್ಲಿ ರಾಗ ಎಳೆದರು.

“ಅದು ಅವರ ಮೊದಲನೇ ಪಂಕ್ತಿ,” ಎಂದರು ಊಟದಕ್ಕ. “ಒಲೆ ಆಗ ತಾನೇ ಹಚ್ಚಿರ್ತಾರೆ, ಹಲಗೆ ತೊಳೆದಿರ್ತಾರೆ. ನಾನು ಕಾಯ್ತಿದ್ದಿದ್ದೇ ಅದಕ್ಕೆ. ಬೆಳಿಗ್ಗೆ ಮಗುಗೆ ತಿಂಡಿ ಸ್ವಲ್ಪ ಕಡಿಮೆ ಕೊಡಿ, ಅಷ್ಟೇ.”

ಆ ದಿನ ಬಂತು. ಹನ್ನೊಂದೂ ಹತ್ತಕ್ಕೆ ಊಟದಕ್ಕನ ಫೋನು ಬಡಿದುಕೊಂಡಿತು. ಡ್ರೈವರದು. ಗುಹೆಯ ದೋಣಿ ನಡುನೀರಿನಲ್ಲಿ ನಿಂತುಬಿಟ್ಟಿದೆ, ಅರ್ಧ ಗಂಟೆ ಆಗಬಹುದು ಎನ್ನುತ್ತಿದ್ದಾರೆ, ಮಗಳು ಅಳು ನುಂಗಿಕೊಂಡು ಕೂತಿದ್ದಾಳೆ ಎಂದರು. ಹದಿನೈದು ನಿಮಿಷ ತಡವಾದರೆ ಮೇಜು ಕೈಬಿಟ್ಟು ಹೋದಂತೆಯೇ. ಊಟದಕ್ಕ ಹೋಟೆಲಿನ ಕೌಂಟರಿಗೆ ಫೋನು ಮಾಡಿದರು. ನಿಯಮ ನಿಯಮವೇ ಎಂದರು ಅವರು. ಊಟದಕ್ಕ ಫೋನಿಟ್ಟು ಗಡಿಯಾರ ನೋಡಿದರು. ಕೊಟ್ಟ ಮಾತು ಮುರಿಯುವುದು ಅವರಿಗೆ ಸುಲಭದ್ದಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಅಡುಗೆಯವರ ನಂಬರು ಒತ್ತಿದರು.

“ಮಾಡಬಾರದು ಅಂತ ಗೊತ್ತು,” ಎಂದು ಶುರುಮಾಡಿ, ಇದ್ದದ್ದನ್ನು ಎರಡೇ ವಾಕ್ಯದಲ್ಲಿ ಹೇಳಿದರು.

ಆ ಕಡೆ ಪಾತ್ರೆಗಳ ಸದ್ದಿನ ನಡುವೆ ಆತ ಹೇಳಿದ್ದು ನನಗೂ ಕೇಳಿಸಿತು. “ಬಾಣಲೆ ಮುಚ್ಚಿ ಇಟ್ಟಿರ್ತೀನಿ ಅಕ್ಕ. ಮೇಜಿಲ್ಲದಿದ್ರೆ ನನ್ನ ಮೇಜೇ ಕೊಡ್ತೀನಿ. ಅವರು ಬರಲಿ.”

ಮುಂದಿನದೆಲ್ಲ ಡ್ರೈವರ ಹೆಂಡತಿ ಮರುವಾರ ಕಚೇರಿಗೆ ಬಂದು ಹೇಳಿದ್ದು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರು ಒದ್ದೆ ಚಪ್ಪಲಿಯಲ್ಲಿ ಓಡುತ್ತಾ ಬಂದರು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಅಡುಗೆಯವರು ತಾವು ಪಟ್ಟಿ ಬರೆಯುವ ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ ಮೂರು ಕುರ್ಚಿ ಇಡಿಸಿದ್ದರು. ತಟ್ಟೆಯನ್ನು ಯಾರ ಕೈಗೂ ಕೊಡದೆ ತಾವೇ ತಂದರು. ರಾಜ ಮುಂದೆ ಬಂದಾಗ ಕೈ ಅಡ್ಡ ಹಿಡಿದು ತಡೆದರು. ರಾಜನ ಕೈಗವಸು ಹತ್ತು ಮೇಜಿನ ಮುಚ್ಚಳ ಮುಟ್ಟಿ ಬಂದಿತ್ತು. ರಾಜನಿಗೆ ವಿಷಯ ಮೊದಲೇ ತಿಳಿಸಿರಬೇಕು. ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ ಮಗುವಿಗೆ ನಮಸ್ಕರಿಸಿದ. ಬೇರೆ ಯಾವ ಮೇಜಿಗೂ ಅವನು ಅಷ್ಟು ಬಗ್ಗಿರಲಿಲ್ಲ. ಅಡುಗೆಯವರೇ ಮುಚ್ಚಳ ತೆಗೆದರು.

ಮಗು ತಟ್ಟೆಯನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿತಂತೆ. ಇದು ನನ್ನದೇನಾ ಎಂದು ಕೇಳಿತಂತೆ. ಒಂದು ಆಲೂಗಡ್ಡೆ ತಿಂದು, ಮೈಗೆ ಏನಾದರೂ ಆಗುತ್ತದೆಯೇ ಎಂದು ಕಾದು, ಇನ್ನೊಂದು ತಿಂದು, ಆಮೇಲೆ ತಟ್ಟೆ ಖಾಲಿಮಾಡಿ, ಇನ್ನೂ ಬೇಕೆಂದಿತಂತೆ.

“ಐದು ವರ್ಷ ಹೊರಗೆಲ್ಲೇ ಕೂತ್ರೂ ಅವಳ ಬಾಯಿ ನೋಡ್ತಾ ನನ್ನ ತಟ್ಟೆ ಆರಿಹೋಗ್ತಿತ್ತು,” ಎಂದರು ಆ ತಾಯಿ. “ಅವತ್ತೂ ಹಾಗೇ ಕೂತಿದ್ದೆ. ಅಮ್ಮ, ನೀನೂ ಬಿಸಿ ಇರುವಾಗಲೇ ತಿನ್ನು ಅಂದಳು. ತಿಂದೆ.”

ಊಟದಕ್ಕ ಕನ್ನಡಕ ತೆಗೆದು, ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕೇಳಿದ್ದು ಇಷ್ಟೇ: ಉಪ್ಪು ಸರಿಯಾಗಿತ್ತೇ?

ಮಾತು ಬಾಯಿಂದ ಬಾಯಿಗೆ ಹೋಯಿತು. ಡ್ರೈವರು ತಮ್ಮ ಡಿಪೋದಲ್ಲಿ ಹೇಳಿದರು, ಹೆಂಡತಿ ಮಗಳ ಶಾಲೆಯಲ್ಲಿ. ನುಂಗಲು ಕಷ್ಟಪಡುವ ತಂದೆಯನ್ನು ಕರೆದೊಯ್ಯಬೇಕೆಂದ ಒಬ್ಬ ಟೈಲರು ಬಂದರು. ಗೋಧಿ ಒಗ್ಗದ ಅವಳಿ ಮಕ್ಕಳ ತಾಯಿ ಫೋನು ಮಾಡಿದರು. ಕೋಟೆಯ ಅಡುಗೆಯವರು ಆ ಬಾಣಲೆಯ ಹಿಡಿಗೆ ನೀಲಿ ಬಣ್ಣ ಬಳಿದು, ಬೇರೆ ಯಾರೂ ಮುಟ್ಟಬಾರದೆಂದು ಮೊಳೆಗೆ ನೇತುಹಾಕಿದರಂತೆ. ಎರಡು ತಿಂಗಳ ಮೇಲೆ ಹನ್ನೊಂದೂ ಕಾಲರ ಒಂದು ಮೇಜನ್ನು ಇಂಥವರಿಗಾಗಿಯೇ ಬಿಡುವಂತೆ ಪಾರ್ಕಿನವರನ್ನು ಒಪ್ಪಿಸಿದವರೂ ಆತನೇ.

ಉಳಿದ ಆರು ಹೋಟೆಲುಗಳ ಅಡುಗೆಮನೆ ಹೇಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ಗಾಜಿನ ಕೋಣೆಯಿಂದ ಹೊರಬಂದು, ರಜೆಯ ದಿನ ಹೋಗಬೇಡಿ ಅಕ್ಕ, ಕೆಲಸದ ದಿನವೇ ಹೋಗಿಬನ್ನಿ ಎಂದರು. ಊಟದಕ್ಕ ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರು. ಅವತ್ತಿಡೀ ಅವರ ಮೇಜಿನ ಫೋನು ನಾನೇ ಎತ್ತಿದೆ. ಒಂದೊಂದು ಕರೆಗೂ ಅರ್ಧ ಗಂಟೆ ಹಿಡಿಯಿತು.